ಹಳೆಯ ಹೆಂಚಿನ ಮನೆಯ ಅಡುಗೆಮನೆಗೆ ಗಾಜಿನ ಟೈಲ್ಸ್ ಹೊಂದುತ್ತದೆಯೇ?

ಪ್ರಶ್ನೆ: ಸಾಗರದ_ಮನೆ

ಎಲ್ಲರಿಗೂ ನಮಸ್ಕಾರ.

ಸಾಗರ ತಾಲ್ಲೂಕಿನಲ್ಲಿರುವ ನಮ್ಮ ಹೆಂಚಿನ ಮನೆಯ ಅಡುಗೆಮನೆಯನ್ನು ಈ ಮಳೆಗಾಲ ಕಳೆದ ಮೇಲೆ ದುರಸ್ತಿ ಮಾಡಿಸಬೇಕೆಂದಿದ್ದೇವೆ. ಗೋಡೆಗಳು ಜಂಬಿಟ್ಟಿಗೆಯವು, ಅದರ ಮೇಲಿರುವುದು ಹಳೆಯ ಸುಣ್ಣದ ಗಾರೆ. ಸೌದೆ ಒಲೆ ಹೋಗಿ ಗ್ಯಾಸ್ ಬಂದು ಬಹಳ ವರ್ಷಗಳಾದರೂ ಆ ಕಾಲದ ಹೊಗೆಯ ಕಪ್ಪು ಗೋಡೆಯನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಎಷ್ಟು ಸಲ ಬಣ್ಣ ಹೊಡೆಸಿದರೂ ಕಂದು ಕಲೆ ಒಳಗಿನಿಂದ ಮತ್ತೆ ಎದ್ದು ಬರುತ್ತದೆ. ಇರುವ ಒಂದೇ ಕಿಟಕಿ ಜಗಲಿಯ ಕಡೆಗೆ ತೆರೆದುಕೊಳ್ಳುವುದರಿಂದ ಹಗಲಿನಲ್ಲೂ ದೀಪ ಹಾಕಿಕೊಂಡೇ ಅಡುಗೆ ಮಾಡಬೇಕಾಗಿದೆ.

ಗ್ರಾನೈಟ್ ಕಟ್ಟೆಯಿಂದ ಮೇಲಿನ ಕಪಾಟಿನ ತಳದವರೆಗೆ ಎರಡು ಅಡಿ ಎತ್ತರ ಮತ್ತು ಹತ್ತು ಅಡಿ ಉದ್ದದ ಗೋಡೆಗೆ, ಅಂದರೆ ಇಪ್ಪತ್ತು ಚದರಡಿಗೆ, ಹಸಿರು ಛಾಯೆಯ ಗಾಜಿನ ಟೈಲ್ಸ್ ಹಾಕಿಸುವ ಆಸೆಯಿದೆ. ಅಂಗಡಿಯಲ್ಲಿ ನೋಡಿದ ಸಣ್ಣ ಚೌಕಗಳ ಮೊಸಾಯಿಕ್ ಹಾಳೆಗಳು ಮನಸ್ಸಿಗೆ ತುಂಬ ಹಿಡಿಸಿದವು. ಆದರೆ ನಮ್ಮ ಮೇಸ್ತ್ರಿಯವರು ಗಾಜಿನ ಕೆಲಸವನ್ನು ಇದುವರೆಗೆ ಮಾಡಿದವರಲ್ಲ. "ಸಿಮೆಂಟ್ ಹಾಲು ಹಚ್ಚಿ ಕೂರಿಸಿದರಾಯಿತು, ಟೈಲ್ಸ್ ಎಂದರೆ ಎಲ್ಲ ಟೈಲ್ಸೇ" ಎನ್ನುತ್ತಾರೆ. ನನಗೆ ಅಷ್ಟು ಧೈರ್ಯವಿಲ್ಲ. ಒಲೆಯ ಬಿಸಿಗೆ ಗಾಜು ಸೀಳುವುದಿಲ್ಲವೇ, ದಿನಾ ಒಗ್ಗರಣೆ ಸಿಡಿಯುವ ಜಾಗದಲ್ಲಿ ಅದನ್ನು ಶುಚಿಯಾಗಿಡುವುದು ಸಾಧ್ಯವೇ, ಕತ್ತಲೆಯ ಕೋಣೆಗೆ ಅದರಿಂದ ನಿಜಕ್ಕೂ ಬೆಳಕು ಬರುತ್ತದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಇನ್ನೂ ಒಂದು ಆಸೆಯಿದೆ. ನಮ್ಮ ಸೀಮೆಯಲ್ಲಿ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರದ ಒಂದು ನಮೂನೆಯನ್ನು ಗಾಜಿನ ಬಿಲ್ಲೆಗಳಲ್ಲಿ ಮಾಡಿಸಿ ಗೋಡೆಯಲ್ಲಿ ಸೇರಿಸಬೇಕೆಂದಿದ್ದೇನೆ. ಅದು ಆಗುವ ಕೆಲಸವೇ?

ಉತ್ತರ: ಗಾರೆ_ಕೆಲಸ, ಶಿವಮೊಗ್ಗ

ಟೈಲ್ಸಿನ ಆಯ್ಕೆಯನ್ನು ಸ್ವಲ್ಪ ಬದಿಗಿಟ್ಟು ಮೊದಲು ಗೋಡೆಯ ವಿಚಾರ ಮಾಡೋಣ, ಏಕೆಂದರೆ ನಿಮ್ಮ ಮನೆಯಲ್ಲಿ ತೊಂದರೆ ಬರುವುದಿದ್ದರೆ ಅದು ಗಾಜಿನಿಂದಲ್ಲ, ಅದರ ಹಿಂದಿರುವ ಗಾರೆಯಿಂದ ಬರುತ್ತದೆ. ಹೊಗೆ ಮತ್ತು ಎಣ್ಣೆಯ ಜಿಡ್ಡು ಕುಡಿದ ಸುಣ್ಣದ ಗಾರೆಯ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ನಿಂತಂತೆ ಕಂಡರೂ ಟೈಲ್ಸಿನ ಭಾರಕ್ಕೆ ಗಾರೆಯೇ ಗೋಡೆಯನ್ನು ಬಿಟ್ಟು ಪದರವಾಗಿ ಕಳಚುತ್ತದೆ. ಆದ್ದರಿಂದ ಆ ಎರಡು ಅಡಿ ಪಟ್ಟಿಯ ಗಾರೆಯನ್ನು ಜಂಬಿಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಕಲ್ಲಿನ ಸಂದುಗಳನ್ನು ತಂತಿ ಬ್ರಶ್ಶಿನಿಂದ ಉಜ್ಜಿಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಮಾಡಿಸಿ. ಅದಕ್ಕೆ ಒಂದು ವಾರ ನೀರು ಹೊಡೆದ ಮೇಲೆ ಮೂರು ನಾಲ್ಕು ವಾರ ಒಣಗಲು ಬಿಡಬೇಕು. ಗಾಜು ನೀರನ್ನು ಹೀರುವುದೂ ಇಲ್ಲ, ಹೊರಗೆ ಬಿಡುವುದೂ ಇಲ್ಲ. ಹಸಿ ಗೋಡೆಯ ಮೇಲೆ ಅದನ್ನು ಕೂರಿಸಿದರೆ ತೇವ ಒಳಗೇ ಉಳಿದು ಟೈಲ್ಸಿನ ಅಡಿಯಲ್ಲಿ ಕಪ್ಪು ನೆರಳಿನಂತೆ ಕಾಣತೊಡಗುತ್ತದೆ. ಆ ಗೋಡೆಯ ಹೊರಮೈ ಮಳೆಯ ಹೊಡೆತಕ್ಕೆ ಸಿಗುವಂಥದ್ದಾದರೆ ಮೊದಲು ಹೊರಗಿನ ಗಾರೆ ಸರಿಪಡಿಸಿ, ಆಮೇಲೆ ಒಳಗಿನ ಕೆಲಸಕ್ಕೆ ಕೈ ಹಾಕಿ.

ಇನ್ನು ಸಿಮೆಂಟ್ ಹಾಲಿನ ಮಾತು. ಸೆರಾಮಿಕ್ ಟೈಲ್ಸಿನ ಬೆನ್ನು ಒರಟಾಗಿದ್ದು ಸ್ವಲ್ಪ ನೀರು ಹೀರುತ್ತದೆ, ಹಾಗಾಗಿ ಸಿಮೆಂಟ್ ಅದನ್ನು ಕಚ್ಚಿಕೊಳ್ಳುತ್ತದೆ. ಗಾಜಿನಲ್ಲಿ ಹೀರುವ ಗುಣವೇ ಇಲ್ಲ. ಅದಕ್ಕೆ ಪಾಲಿಮರ್ ಬೆರೆಸಿದ ಅಂಟು ಬೇಕು, ಅದೂ ಬಿಳಿಯ ಬಣ್ಣದ್ದೇ ಆಗಬೇಕು. ಚೀಲದ ಮೇಲೆ ಗಾಜಿನ ಟೈಲ್ಸಿಗೆ ಬಳಸಬಹುದೆಂದು ಸ್ಪಷ್ಟವಾಗಿ ಬರೆದಿದೆಯೇ, ಟೈಲ್ಸ್ ಅಂಟಿನ ಭಾರತೀಯ ಮಾನಕವಾದ ಐಎಸ್ 15477 ಎಂಬ ಉಲ್ಲೇಖವಿದೆಯೇ ಎಂದು ನೋಡಿ ಕೊಳ್ಳಿ. ಬಿಳಿಯೇ ಏಕೆಂದರೆ, ಈ ಗಾಜು ಅರೆಪಾರದರ್ಶಕ. ಹಿಂದೆ ಬೂದು ಬಣ್ಣದ ಅಂಟಿದ್ದರೆ ನೀವು ಅಂಗಡಿಯಲ್ಲಿ ಮೆಚ್ಚಿದ ತಿಳಿ ಹಸಿರು ಗೋಡೆಯ ಮೇಲೆ ಕೆಸರು ನೀರಿನ ಬಣ್ಣಕ್ಕೆ ತಿರುಗುತ್ತದೆ.

ಹಲ್ಲಿನ ಕರಣೆಯಿಂದ ಅಂಟನ್ನು ಎಳೆದ ಮೇಲೆ ಆ ಗೆರೆಗಳನ್ನು ಹಾಗೆಯೇ ಬಿಡಬಾರದು. ಕರಣೆಯ ಚಪ್ಪಟೆ ಅಂಚನ್ನು ಮೆಲ್ಲಗೆ ಓಡಿಸಿ ಗೆರೆ ಅಡಗಿಸಿ, ದೊಡ್ಡ ಟೈಲ್ಸಾದರೆ ಅದರ ಬೆನ್ನಿಗೂ ತೆಳ್ಳಗೆ ಅಂಟು ಸವರಿ, ಗಾಳಿ ಉಳಿಯದಂತೆ ಒತ್ತಿ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ತಟ್ಟುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಆ ಮುದ್ದೆಗಳ ಗುರುತು ಗಾಜಿನ ಮೂಲಕ ಜನ್ಮಪೂರ್ತಿ ಕಾಣುತ್ತಿರುತ್ತದೆ. ಕೆಲಸ ಶುರುವಾಗುವ ಮುನ್ನ ಒಂದು ತುಂಡು ಹಲಗೆಯ ಮೇಲೆ ನಾಲ್ಕು ಟೈಲ್ಸ್ ಕೂರಿಸಿ ತೋರಿಸುವಂತೆ ನಿಮ್ಮ ಮೇಸ್ತ್ರಿಯವರನ್ನು ಕೇಳಿ. ಕೈ ಪಳಗಿದವರಿಗೆ ಇದು ಅವಮಾನವೇನಲ್ಲ. ಮಾತಿನಲ್ಲಿ ಹೇಳಿ ಒಪ್ಪಿಸುವುದಕ್ಕಿಂತ ಇದು ಸುಲಭವೂ ಹೌದು.

ಕೊಳ್ಳುವಾಗ ಟೈಲ್ಸನ್ನು ತಿರುಗಿಸಿ ಬೆನ್ನನ್ನು ನಾಣ್ಯದ ಅಂಚಿನಿಂದ ಗೀರಿ ನೋಡಿ. ಅಗ್ಗದ ಮಾಲಿನಲ್ಲಿ ಬಣ್ಣ ಗಾಜಿನೊಳಗೆ ಇರುವುದಿಲ್ಲ, ಬೆನ್ನಿಗೆ ಬಳಿದ ಪದರದಲ್ಲಿರುತ್ತದೆ. ಅಂಟು ಆ ಪದರವನ್ನು ಹಿಡಿಯುತ್ತದೆಯೇ ಹೊರತು ಗಾಜನ್ನಲ್ಲ, ಮತ್ತು ತೇವ ತಗುಲಿದರೆ ಪದರವೇ ಸುಲಿದು ಬರಬಹುದು. ನಾಣ್ಯಕ್ಕೆ ಬಣ್ಣ ಎದ್ದರೆ ಆ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬನ್ನಿ. ಮಲೆನಾಡಿನ ಮಳೆಗಾಲಕ್ಕೆ ಕನ್ನಡಿಯಂತೆ ಬೆಳ್ಳಿ ಬೆನ್ನಿನವು ಖಂಡಿತ ಬೇಡ.

ಉತ್ತರ: ಹುಬ್ಬಳ್ಳಿ_ಅಡುಗೆಮನೆ

ಮೇಲಿನವರು ಹೇಳಿದ್ದು ಹಾಕಿಸುವ ಮಾತು. ಹಾಕಿಸಿದ ಮೇಲೆ ದಿನಾ ಒರೆಸುವವರ ಕಡೆಯಿಂದ ನಾನೊಂದೆರಡು ಮಾತು ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಒಲೆಯ ಹಿಂದೆ ಇರುವುದು ನೀವು ಮೆಚ್ಚಿದಂಥ ಸಣ್ಣ ಚೌಕಗಳ ಮೊಸಾಯಿಕ್ಕೇ.

ಗಾಜಿಗೆ ಕಲೆ ಹಿಡಿಯುವುದಿಲ್ಲ ಎಂದು ಅಂಗಡಿಯವರು ಹೇಳುವುದು ಸುಳ್ಳಲ್ಲ. ಒಗ್ಗರಣೆಯ ಎಣ್ಣೆ, ಸಾಸಿವೆ, ಸಾರಿನ ಹನಿ ಯಾವುದಾದರೂ ಬೆಚ್ಚನೆಯ ನೀರು ಮತ್ತು ಪಾತ್ರೆ ಸೋಪಿನಿಂದ ಒಂದೇ ಸಲಕ್ಕೆ ಹೋಗುತ್ತದೆ. ಆದರೆ ಗೋಡೆಯೆಲ್ಲ ಗಾಜಲ್ಲ. ಇಪ್ಪತ್ತು ಮಿಲಿಮೀಟರಿನ ಚೌಕಗಳನ್ನು ಎರಡು ಮಿಲಿಮೀಟರ್ ಸಂದು ಬಿಟ್ಟು ಜೋಡಿಸಿದರೆ ನೂರಕ್ಕೆ ಹದಿನೇಳು ಪಾಲಿಗಿಂತ ಹೆಚ್ಚು ಜಾಗ ಸಂದಿನದ್ದೇ ಆಗುತ್ತದೆ. ನಿಮ್ಮ ಇಪ್ಪತ್ತು ಚದರಡಿಯಲ್ಲಿ ಸುಮಾರು ಮೂರೂವರೆ ಚದರಡಿ ಗ್ರೌಟ್, ಅಂದರೆ ಸಂದು ತುಂಬುವ ಲೇಪ, ಎಂದಾಯಿತು. ಅದೇ 75ಕ್ಕೆ 150 ಮಿಲಿಮೀಟರಿನ, ಅಂದರೆ ಮೂರಿಂಚು ಆರಿಂಚಿನ ಉದ್ದ ಟೈಲ್ಸನ್ನು ಅಷ್ಟೇ ಸಂದು ಬಿಟ್ಟು ಹಾಕಿದರೆ ಗ್ರೌಟಿನ ಪಾಲು ನೂರಕ್ಕೆ ನಾಲ್ಕಕ್ಕೆ ಇಳಿಯುತ್ತದೆ. ಅರಿಶಿನ ಕೂರುವುದು ಆ ಪಾಲಿನಲ್ಲಿ.

ಸಿಮೆಂಟ್ ಗ್ರೌಟ್ ಅರಿಶಿನದ ಎಣ್ಣೆಯನ್ನು ಬತ್ತಿಯಂತೆ ಎಳೆದುಕೊಳ್ಳುತ್ತದೆ. ಬಿಸಿಲು ನೇರವಾಗಿ ಬೀಳುವ ಗೋಡೆಯಾದರೆ ಅರಿಶಿನದ ಬಣ್ಣ ತಾನಾಗಿಯೇ ಮಾಸುತ್ತದೆ, ಆದರೆ ನಿಮ್ಮ ಕೋಣೆಯಲ್ಲಿ ಬಿಸಿಲಿನ ಆಸೆಯಿಲ್ಲ. ಆದ್ದರಿಂದ ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟನ್ನೇ ಹಾಕಿಸಿ. ಅದು ದುಬಾರಿ, ಕಲಸಿದ ಮೇಲೆ ಬೇಗ ಗಟ್ಟಿಯಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಿಕೊಂಡು ತುಂಬಬೇಕು, ಗಾಜಿನ ಮೇಲೆ ಉಳಿದ ಪೊರೆಯನ್ನು ಅದು ಮೆತ್ತಗಿರುವಾಗಲೇ ಸ್ಪಂಜಿನಿಂದ ತೆಗೆಯಬೇಕು. ಮರುದಿನ ತೆಗೆಯುತ್ತೇನೆ ಎಂದು ಬಿಟ್ಟು ಹೋದರೆ ಆ ಮಂಜು ಮತ್ತೆ ಹೋಗುವುದು ಕಷ್ಟ. ಸಿಮೆಂಟ್ ಗ್ರೌಟೇ ಸಾಕೆಂದು ನಿರ್ಧರಿಸಿದರೂ ಮರಳು ಬೆರೆತದ್ದು ಮಾತ್ರ ಬೇಡ, ತಿಕ್ಕುವಾಗ ಅದು ಗಾಜಿನ ಮೇಲೆ ಗೀರು ಎಬ್ಬಿಸುತ್ತದೆ.

ಗ್ರೌಟಿನ ಬಣ್ಣವನ್ನು ಬಿಳಿ ಮಾಡಬೇಡಿ. ಎಪಾಕ್ಸಿಯಾದರೂ ಬಿಳಿ ಬಣ್ಣ ಕ್ರಮೇಣ ಹಳದಿಗೆ ತಿರುಗುತ್ತದೆ, ಅಲ್ಲದೆ ಹಸಿರು ಗಾಜಿನ ನಡುವೆ ಬಿಳಿ ಗೆರೆ ಹಾಕಿದರೆ ಕಣ್ಣಿಗೆ ಬಲೆಯೇ ಕಾಣುತ್ತದೆ, ಗಾಜು ಕಾಣುವುದಿಲ್ಲ. ಗಾಜಿನದೇ ಛಾಯೆಯ ಅಥವಾ ತಿಳಿ ಬೂದಿಯ ಗ್ರೌಟ್ ಹಾಕಿದರೆ ಗೋಡೆ ಒಂದೇ ಹರಹಾಗಿ ಕಾಣುತ್ತದೆ.

ಸಿಂಕಿನ ಹತ್ತಿರದ ಮಾತು ಬೇರೆ. ಬೋರ್‌ವೆಲ್ ನೀರಾದರೆ ಹನಿ ಒಣಗಿದಲ್ಲೆಲ್ಲ ಬಿಳಿ ಚುಕ್ಕೆ ಉಳಿಯುತ್ತದೆ, ಹೊಳೆಯುವ ಗಾಜಿನ ಮೇಲೆ ಅದು ಎದ್ದು ಕಾಣುತ್ತದೆ. ನಿಂಬೆಹಣ್ಣಿನ ಸಿಪ್ಪೆಯಿಂದ ಉಜ್ಜಿ ತೊಳೆದರೆ ಹೋಗುತ್ತದೆ, ಆದರೆ ಹುಳಿ ಸಿಮೆಂಟ್ ಗ್ರೌಟನ್ನು ತಿನ್ನುವುದರಿಂದ ಎಪಾಕ್ಸಿ ಇದ್ದಲ್ಲಿ ಮಾತ್ರ ಹಾಗೆ ಮಾಡಬೇಕು. ತೆರೆದ ಬಾವಿಯ ಮೆದು ನೀರಿದ್ದರೆ ನಿಮಗೆ ಈ ಕಾಟವೇ ಇರಲಾರದು.

ಉತ್ತರ: ಒಳಾಂಗಣ_ವಿನ್ಯಾಸ, ಬೆಂಗಳೂರು

ಬಿಸಿಯ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲವಾದ್ದರಿಂದ ಅದನ್ನು ನಾನು ತೆಗೆದುಕೊಳ್ಳುತ್ತೇನೆ. ಸಾಮಾನ್ಯ ಗಾಜು ಒಂದು ಡಿಗ್ರಿ ಬಿಸಿಯೇರಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ಒಂಬತ್ತು ಪಾಲು ಹಿಗ್ಗುತ್ತದೆ. ಐವತ್ತು ಡಿಗ್ರಿಯ ಏರಿಕೆಗೆ ಒಂದು ಮೀಟರ್ ಉದ್ದದ ಗಾಜಿನ ಫಲಕ ಅರ್ಧ ಮಿಲಿಮೀಟರಿನಷ್ಟು ಬೆಳೆದರೆ, ಇಪ್ಪತ್ತು ಮಿಲಿಮೀಟರಿನ ಬಿಲ್ಲೆ ಬೆಳೆಯುವುದು ಮಿಲಿಮೀಟರಿನ ನೂರನೆಯ ಒಂದು ಪಾಲಿಗೂ ಕಡಿಮೆ. ಸಣ್ಣ ತುಂಡು ಸೀಳುವುದು ಅಪರೂಪವಾಗಿರುವುದಕ್ಕೆ ಕಾರಣ ಇದು. ಗಾಜನ್ನು ಸೀಳುವುದು ಬಿಸಿಗಿಂತ ಹೆಚ್ಚಾಗಿ ಒಂದೇ ತುಂಡಿನ ಎರಡು ಭಾಗಗಳ ನಡುವಿನ ಬಿಸಿಯ ಅಂತರ: ಸಾಮಾನ್ಯ ಗಾಜು ಸುಮಾರು ನಲವತ್ತು ಡಿಗ್ರಿಯ ಅಂತರವನ್ನು ತಡೆಯುತ್ತದೆ, ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ ಟಫನ್ಡ್ ಗಾಜು ಸುಮಾರು ಇನ್ನೂರು ಡಿಗ್ರಿಯನ್ನು ತಡೆಯುತ್ತದೆ.

ಒಲೆಯ ಹಿಂದೆ ಈ ಅಂತರ ಹೇಗೆ ಹುಟ್ಟುತ್ತದೆ ಎಂದರೆ, ಹಬ್ಬದ ದಿನ ಹಿಂದಿನ ಬರ್ನರಿನ ಮೇಲೆ ಅಗಲವಾದ ಪಾತ್ರೆ ಇಟ್ಟಾಗ ಜ್ವಾಲೆ ಅದರ ತಳವನ್ನು ಸುತ್ತಿಕೊಂಡು ಗೋಡೆಯನ್ನು ನೆಕ್ಕುತ್ತದೆ, ಆ ಹೊತ್ತಿಗೇ ಯಾರಾದರೂ ಒದ್ದೆ ಬಟ್ಟೆಯಿಂದ ಗೋಡೆ ಒರೆಸುತ್ತಾರೆ. ಸ್ಟವ್ವನ್ನು ಕಟ್ಟೆಯ ಮುಂಭಾಗಕ್ಕೆ ಎಳೆದು, ನಿಮ್ಮಲ್ಲಿರುವ ಅತಿ ದೊಡ್ಡ ಪಾತ್ರೆಯನ್ನು ಇಟ್ಟು ನೋಡಿ. ಪಾತ್ರೆಯ ಅಂಚಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಉಳಿದರೆ ಮೂರಿಂಚು ಆರಿಂಚಿನ ಟೈಲ್ಸಿಗೂ ಹೆದರಬೇಕಾಗಿಲ್ಲ. ಕಟ್ಟೆಯ ಗ್ರಾನೈಟ್ ಮತ್ತು ಕೊನೆಯ ಸಾಲಿನ ಗಾಜು ಸೇರುವ ಮೂಲೆಯಲ್ಲಿ ಮಾತ್ರ ಗ್ರೌಟ್ ತುಂಬದೆ ಮೂರು ಮಿಲಿಮೀಟರ್ ಬಿಟ್ಟು ಸಿಲಿಕೋನ್ ಹಾಕಿಸಿ. ಎರಡು ಬೇರೆ ವಸ್ತುಗಳು ಬೇರೆ ಬೇರೆ ಪ್ರಮಾಣದಲ್ಲಿ ಅಲುಗಾಡುವ ಜಾಗ ಅದು, ಗಟ್ಟಿ ಗ್ರೌಟ್ ಅಲ್ಲಿ ಬಿರುಕು ಬಿಡುತ್ತದೆ.

ಸಂದೇ ಬೇಡ ಎನ್ನುವವರಿಗೆ ಬೆನ್ನಿಗೆ ಬಣ್ಣ ಬಳಿದ ಟಫನ್ಡ್ ಗಾಜಿನ ಒಂದೇ ಫಲಕವಿದೆ. ಆದರೆ ಟಫನ್ಡ್ ಮಾಡಿದ ಮೇಲೆ ಅದನ್ನು ಕತ್ತರಿಸಲಾಗುವುದಿಲ್ಲ, ತೂತು ಕೊರೆಯಲಾಗುವುದಿಲ್ಲ; ಸ್ವಿಚ್ ಬೋರ್ಡು, ನಲ್ಲಿ ಎಲ್ಲದರ ಅಳತೆ ಮೊದಲೇ ಕೊಡಬೇಕು. ನೆಟ್ಟಗೆ ನಿಲ್ಲದ ಹಳೆಯ ಜಂಬಿಟ್ಟಿಗೆ ಗೋಡೆಗೆ ನಾನು ಅದನ್ನು ಹೇಳಲಾರೆ.

ಬೆಳಕಿನ ಬಗ್ಗೆ ಒಂದು ಎಚ್ಚರಿಕೆ. ಗಾಜು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ, ಇಲ್ಲದ ಬೆಳಕನ್ನು ಹುಟ್ಟಿಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಗಾಢ ಹಸಿರು ಗಾಜು ಕಪ್ಪಾಗಿಯೇ ಕಾಣುತ್ತದೆ. ಕಪಾಟಿನ ತಳಕ್ಕೆ ಎಲ್‌ಇಡಿ ಪಟ್ಟಿ ಹಾಕಿಸುವುದಾದರೆ ಗೋಡೆಗೆ ಅಂಟಿಕೊಂಡಂತೆ ಹಿಂದೆ ಹಾಕಿಸದೆ ಮುಂದಿನ ಅಂಚಿನಲ್ಲಿ ಹಾಕಿಸಿ. ಹಿಂದೆ ಹಾಕಿದರೆ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುವುದರಿಂದ ಒಂದು ಟೈಲ್ಸ್ ಕೂದಲೆಳೆಯಷ್ಟು ಎದ್ದಿದ್ದರೂ ಅದರ ನೆರಳು ಬೀಳುತ್ತದೆ. ಮುಂದೆ ಹಾಕಿದರೆ ಗೋಡೆಯ ಜೊತೆಗೆ ತರಕಾರಿ ಹೆಚ್ಚುವ ಕಟ್ಟೆಗೂ ಬೆಳಕು ಸಿಗುತ್ತದೆ. ಪಟ್ಟಿಯ ಮೇಲೆ ಹಾಲಿನ ಬಣ್ಣದ ಮುಚ್ಚಳವಿರಲಿ, ಇಲ್ಲದಿದ್ದರೆ ಒಂದೊಂದು ಬಲ್ಬಿನ ಚುಕ್ಕೆಯೂ ಗಾಜಿನಲ್ಲಿ ಪ್ರತಿಫಲಿಸುತ್ತದೆ.

ಉತ್ತರ: ಕರಾವಳಿಗ

ಎಲ್ಲರೂ ಗೋಡೆಯನ್ನೇ ನೋಡುತ್ತಿದ್ದೀರಿ, ನನ್ನ ಕಣ್ಣು ಮಾಡಿನ ಮೇಲಿದೆ. ಹೆಂಚಿನ ಮನೆಯೆಂದು ಅವರೇ ಹೇಳಿದ್ದಾರೆ. ಮೊದಲು ಎರಡೋ ಮೂರೋ ಗಾಜಿನ ಹೆಂಚು ಹಾಕಿಸಿ, ಸ್ವಾಮೀ! 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಮನೆಗಳಿಗೆಲ್ಲ ಒಂದೇ ಅಳತೆಯ ಹೆಂಚು ಬಂತು; ಅದೇ ಅಚ್ಚಿನ ಗಾಜಿನ ಹೆಂಚನ್ನು ನಡುವೆ ಸೇರಿಸಿ ಅಡುಗೆಮನೆಗೂ ದೇವರ ಕೋಣೆಗೂ ಬೆಳಕು ತರುವುದು ನಮ್ಮ ಕಡೆ ಹಿಂದಿನಿಂದಲೂ ಇರುವ ಪದ್ಧತಿ. ರೀಪಿನ ಅಂತರ ಬದಲಿಸಬೇಕಾಗಿಲ್ಲ, ಮಣ್ಣಿನ ಹೆಂಚು ತೆಗೆದು ಗಾಜಿನದನ್ನು ಇಡುವುದಷ್ಟೇ ಕೆಲಸ. ಹಳೆಯ ಹೆಂಚೊಂದನ್ನು ಜೊತೆಯಲ್ಲಿ ಒಯ್ದು ಕೊಕ್ಕೆ, ಅಂಚು ಕೂಡುತ್ತವೆಯೇ ಎಂದು ತಾಳೆ ನೋಡಿ ಕೊಳ್ಳಿ.

ಸಾಧ್ಯವಾದರೆ ಉತ್ತರದ ಇಳಿಜಾರಿನಲ್ಲಿ ಇಡಿಸಿ. ದಕ್ಷಿಣದಲ್ಲಿಟ್ಟರೆ ಬೇಸಿಗೆಗೆ ಮುಂಚಿನ ದಿನಗಳಲ್ಲಿ ಮಧ್ಯಾಹ್ನದ ಬಿಸಿಲು ಕೋಲಿನಂತೆ ಒಳಗೆ ಬಿದ್ದು ಅಡುಗೆ ಮಾಡುವವರ ತಲೆ ಕಾಯಿಸುತ್ತದೆ. ಮಳೆಗಾಲ ಮುಗಿದ ಕೂಡಲೇ ಪಾಚಿ ತೊಳೆಸಬೇಕು, ಮಂಗಗಳ ಕಾಟವಿದ್ದರೆ ಒಂದೆರಡು ಹೆಚ್ಚಿಗೆ ತಂದಿಟ್ಟುಕೊಳ್ಳಬೇಕು. ಗೋಡೆಯ ಖರ್ಚಿನ ಎದುರು ಇದು ಏನೂ ಅಲ್ಲ. ಮಾಡಿನಿಂದ ಬೆಳಕು ಬಂದ ಮೇಲೆ ಟೈಲ್ಸಿನ ಮಾದರಿಯನ್ನು ಅದೇ ಕೋಣೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಇಟ್ಟು ನೋಡಿ ಆರಿಸಿ. ಅಂಗಡಿಯ ಬೆಳಕಿನಲ್ಲಿ ಎಲ್ಲ ಗಾಜೂ ಚೆಂದವೇ.

ಉತ್ತರ: ಒಳಾಂಗಣ_ವಿನ್ಯಾಸ, ಬೆಂಗಳೂರು

ಹಸೆ ಚಿತ್ತಾರದ ಮಾತು ಉಳಿದುಹೋಗಿತ್ತು. ಚಿತ್ತಾರದ ಸೊಗಸು ಇರುವುದು ಪುಂಡಿ ನಾರಿನ ಕುಂಚದಿಂದ ಕೆಮ್ಮಣ್ಣಿನ ಮೇಲೆ ಎಳೆದ ಸಪೂರ ಬಿಳಿ ಗೆರೆಯಲ್ಲಿ, ಗಾಜಿನ ಬಿಲ್ಲೆಯಲ್ಲಿ ಗೆರೆ ಎಂದರೆ ಬಿಲ್ಲೆಯಷ್ಟೇ ದಪ್ಪ. ಇಪ್ಪತ್ತು ಮಿಲಿಮೀಟರಿನ ಬಿಲ್ಲೆಯಲ್ಲಿ ಮಾಡಿದರೆ ಅದು ಚಿತ್ತಾರವಾಗದೆ ಚದುರಂಗದ ಮಣೆಯಾಗುತ್ತದೆ. ಹತ್ತು ಮಿಲಿಮೀಟರಿನ ಬಿಲ್ಲೆ ಸಿಕ್ಕರೆ ಒಂದು ಅಡಿ ಅಗಲಕ್ಕೆ ಇಪ್ಪತ್ತೇಳು ಇಪ್ಪತ್ತೆಂಟು ಬಿಲ್ಲೆ ಹಿಡಿಯುವುದರಿಂದ ಸ್ವಲ್ಪ ಅವಕಾಶವಿದೆ. ಅಡ್ಡ, ಉದ್ದ ಮತ್ತು ಸರಿಯಾಗಿ ಮೂಲೆಯಿಂದ ಮೂಲೆಗೆ ಹೋಗುವ ಓರೆಗೆರೆಗಳು ಚೊಕ್ಕವಾಗಿ ಬರುತ್ತವೆ. ಬೇರೆ ಯಾವ ಓರೆಯಾದರೂ ಮೆಟ್ಟಿಲಿನಂತೆ ಕಾಣುತ್ತದೆ. ಹಾಗಾಗಿ ಇಡೀ ಹಸೆಯನ್ನು ಇಳಿಸಲು ಹೋಗದೆ ಅದರ ಅಂಚಿನ ತ್ರಿಕೋನಗಳ ಸಾಲನ್ನು ಮಾತ್ರ ಚೌಕುಳಿ ಕಾಗದದ ಮೇಲೆ ಬಿಡಿಸಿ, ಎರಡು ಅಡಿ ಚೌಕದೊಳಗೆ ಮುಗಿಸಿ. ಚಿತ್ತಾರ ಬರೆಯುವ ಕಲಾವಿದೆಯರು ನಿಮ್ಮ ತಾಲ್ಲೂಕಿನಲ್ಲೇ ಇದ್ದಾರೆ, ಕಾಗದದ ಮೇಲಿನ ಆ ನಮೂನೆಯನ್ನು ಅವರಿಂದಲೇ ಮಾಡಿಸಿ, ಅದಕ್ಕೆ ತಕ್ಕ ಸಂಭಾವನೆ ಕೊಡಿ.

ಬಣ್ಣದ ಲೆಕ್ಕವೂ ಇರಲಿ. ಹಸಿರು, ನೀಲಿ ಗಾಜುಗಳು ಕಬ್ಬಿಣ, ಕ್ರೋಮಿಯಂ, ಕೋಬಾಲ್ಟ್‌ಗಳಿಂದ ಬಣ್ಣ ಪಡೆಯುತ್ತವೆ. ಉಜ್ವಲ ಕೆಂಪಿಗೆ ಸೆಲೀನಿಯಂ, ಕ್ಯಾಡ್ಮಿಯಂ ಬೇಕಾಗುವುದರಿಂದ ಬೆಲೆ ಏರುತ್ತದೆ. ಹೇಗೂ ಕೆಮ್ಮಣ್ಣಿನ ಬಣ್ಣಕ್ಕೆ ಉಜ್ವಲ ಕೆಂಪು ಹೊಂದುವುದಿಲ್ಲ. ಇಟ್ಟಿಗೆಯ ಕಂದುಗೆಂಪಿನ, ಹೊಳಪಿಲ್ಲದ ಬಿಲ್ಲೆ ಹುಡುಕಿ. ಇದನ್ನು ಒಲೆಯ ಹಿಂದೆ ಹಾಕಿಸಬೇಡಿ, ಅಷ್ಟು ಸಂದುಗಳನ್ನು ಯಾರೂ ಒರೆಸಲಾರರು.

ಸಾಗರದ_ಮನೆ

ಇಷ್ಟು ಕಾಳಜಿಯಿಂದ ಬರೆದ ನಿಮಗೆಲ್ಲ ವಂದನೆಗಳು. ಮೊದಲು ಉತ್ತರದ ಮಾಡಿಗೆ ಮೂರು ಗಾಜಿನ ಹೆಂಚು, ಒಲೆಯ ಗೋಡೆಗೆ ತಿಳಿ ಹಸಿರಿನ ಮೂರಿಂಚು ಆರಿಂಚಿನ ಟೈಲ್ಸ್, ಊಟದ ಮೇಜಿನ ಪಕ್ಕದ ಗೋಡೆಯಲ್ಲಿ ಎರಡು ಅಡಿ ಚೌಕದ ಚಿತ್ತಾರ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಎಪಾಕ್ಸಿಯ ಬೆಲೆ ಕೇಳಿ ಮನೆಯವರು "ಮೂಗಿಗಿಂತ ಮೂಗುತಿ ಭಾರ" ಎಂದರು. ಇಪ್ಪತ್ತು ಚದರಡಿಗೆ ಮಾತ್ರ ಎಂದು ಸಮಾಧಾನ ಹೇಳಿದ್ದೇನೆ. ಊಟದ ಕಡೆಯ ಗೋಡೆಗೆ ಹೊಗೆಯ ಜಿಡ್ಡಿಲ್ಲ, ಸುಣ್ಣದ ಗಾರೆಯೂ ಗಟ್ಟಿಯಾಗಿದೆ. ಅಲ್ಲಿಯೂ ಕೆತ್ತಿಸಲೇಬೇಕೇ? ಟೈಲ್ಸ್ ಎಷ್ಟು ಹೆಚ್ಚಿಗೆ ತರಬೇಕು?

ಉತ್ತರ: ಗಾರೆ_ಕೆಲಸ, ಶಿವಮೊಗ್ಗ

ಕೆತ್ತಿಸಬೇಕಾಗಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಾರದಿದ್ದರೆ ಗಾರೆಯನ್ನು ಹಾಗೆಯೇ ಉಳಿಸಿ. ಚಿತ್ತಾರವನ್ನು ನೇರವಾಗಿ ಗೋಡೆಗೆ ಕೂರಿಸುವ ಬದಲು ಎರಡು ಅಡಿಯ ಸಿಮೆಂಟ್ ಬೋರ್ಡಿನ ಮೇಲೆ ನೆಲದಲ್ಲಿಟ್ಟುಕೊಂಡು ಮಾಡಿಸಿ, ಗ್ರೌಟ್ ಒಣಗಿದ ಮೇಲೆ ಮರದ ಚೌಕಟ್ಟು ಕೊಟ್ಟು, ಜಂಬಿಟ್ಟಿಗೆಯೊಳಗೆ ಹೋಗುವಂಥ ಉದ್ದನೆಯ ಸ್ಕ್ರೂಗಳಿಂದ ಬಿಗಿಸಿ. ಕೂತು ಮಾಡುವ ಕೆಲಸವಾದ್ದರಿಂದ ಬಿಲ್ಲೆಗಳು ಜಾರುವುದಿಲ್ಲ, ಹಿಂದೆ ಗಾಳಿಯಾಡುವುದರಿಂದ ತೇವದ ಭಯವೂ ಇಲ್ಲ. ಬಿಲ್ಲೆಗಳನ್ನು ತುಂಡರಿಸುವಾಗ ಕಣ್ಣಿಗೆ ಕನ್ನಡಕವಿಲ್ಲದೆ ಯಾರನ್ನೂ ಕೂರಿಸಬೇಡಿ, ಅದರ ಚೂರು ಸೂಜಿಗಿಂತ ಹರಿತ.

ಟೈಲ್ಸನ್ನು ನೂರಕ್ಕೆ ಹತ್ತರಂತೆ ಹೆಚ್ಚಿಗೆ, ಎಲ್ಲವನ್ನೂ ಒಂದೇ ಸಲಕ್ಕೆ ತನ್ನಿ. ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಬೇರೆ ಬ್ಯಾಚಿನ ಹಸಿರು ಪಕ್ಕಪಕ್ಕ ಇಟ್ಟಾಗ ಬೇರೆಯೇ ಕಾಣುತ್ತದೆ. ಕೂರಿಸುವ ಮುನ್ನ ಎರಡು ಮೂರು ಪೆಟ್ಟಿಗೆಗಳ ಟೈಲ್ಸನ್ನು ಕಲೆಸಿಕೊಂಡು ಹಾಕುವಂತೆ ಮೇಸ್ತ್ರಿಯವರಿಗೆ ಹೇಳಿ. ಉಳಿದವನ್ನು ಅಟ್ಟದ ಮೇಲೆ ಎತ್ತಿಡುವಾಗ ಗ್ರೌಟಿನ ಬಣ್ಣದ ಸಂಖ್ಯೆಯನ್ನೂ ಪೆಟ್ಟಿಗೆಯ ಮೇಲೆ ಬರೆದಿಡಿ.